ಔಟರ್‌ನಲ್ಲಿ ನಿಂತ ಟರ್ಮಿನಲ್

ಕೇಳುಗರಿಗೆ ನಮಸ್ಕಾರ.

ರೈಲಿನಲ್ಲಿ ಬೆಂಗಳೂರಿಗೆ ಬಂದವರಿಗೆಲ್ಲ ‘ಔಟರ್’ ಗೊತ್ತು. ಹೊದಿಕೆ ಮಡಚಿ ಆಗಿರುತ್ತದೆ. ಸೀಟಿನಡಿ ಕಳೆದುಹೋಗಿದ್ದ ಚಪ್ಪಲಿ ಸಿಕ್ಕಿರುತ್ತದೆ. ‘ಬಂದ್ವಿ, ಕಾಫಿಗಿಡು’ ಅಂತ ಮನೆಗೆ ಫೋನೂ ಹೋಗಿರುತ್ತದೆ. ಆಗ ರೈಲು ನಿಂತುಬಿಡುತ್ತದೆ, ಯಾರದೋ ಮನೆಯ ಹಿತ್ತಲಿನ ಪಕ್ಕ. ಟೆರೇಸಿನ ಮೇಲೆ ಹಲ್ಲುಜ್ಜುತ್ತಾ ನಿಂತವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುತ್ತೇವೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: ಪ್ಲಾಟ್‌ಫಾರ್ಮ್ ಖಾಲಿ ಇಲ್ಲ, ಔಟರ್‌ನಲ್ಲಿ ಹಾಕಿದ್ದಾರೆ.

ಈ ಗೋಳು ತಪ್ಪಲಿ ಅಂತಲೇ ಬೈಯಪ್ಪನಹಳ್ಳಿಯಲ್ಲಿ ಹೊಸ ಟರ್ಮಿನಲ್ ಕಟ್ಟಿದ್ದು. ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ 10 ಪ್ಲಾಟ್‌ಫಾರ್ಮ್, ಯಶವಂತಪುರದಲ್ಲಿ 6. ಊರು ಬೆಳೆದ ರೀತಿಗೆ ಇದು ಎಲ್ಲಿ ಸಾಕು? 2015-16ರಲ್ಲಿ ಹೊಸ ಟರ್ಮಿನಲ್ ಮಂಜೂರಾಯಿತು. ಸುಮಾರು 315 ಕೋಟಿ ರೂಪಾಯಿ, 7 ಪ್ಲಾಟ್‌ಫಾರ್ಮ್. ದೇಶದ ಮೊದಲ ಪೂರ್ತಿ ಏಸಿ ರೈಲು ಟರ್ಮಿನಲ್ ಇದೇ ಅಂತ ಹೇಳಿದರು. ನೋಡಲು ಥೇಟ್ ವಿಮಾನ ನಿಲ್ದಾಣ.

ಏಸಿಯ ವಿಷಯ ಎಲ್ಲರೂ ಮಾತಾಡಿದರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಅಲ್ಲಿನ 3 ಪಿಟ್ ಲೈನ್‌ಗಳು. ಹಳಿಯ ನಡುವೆ ಉದ್ದಕ್ಕೂ ಗುಂಡಿ ಇರುತ್ತದೆ. ಕೆಲಸಗಾರರು ಅದರೊಳಗೆ ಇಳಿದು ಬೋಗಿಯ ಹೊಟ್ಟೆಯ ಕೆಳಗೆ ನಿಂತು ಬ್ರೇಕು, ಗಾಲಿ ಎಲ್ಲ ನೋಡುತ್ತಾರೆ. ಮೇಲೆ ಇನ್ನೊಂದು ತಂಡ ತೊಳೆಯುತ್ತದೆ, ನೀರು ತುಂಬಿಸುತ್ತದೆ. ದೂರದಿಂದ ಬಂದ ರೈಲು ಮತ್ತೆ ಹೊರಡಬೇಕಾದರೆ ಇಷ್ಟೆಲ್ಲ ಆಗಬೇಕು. ಅದಕ್ಕೇ ಪ್ಲಾಟ್‌ಫಾರ್ಮ್ ಎಷ್ಟಿದ್ದರೂ ಪಿಟ್ ಲೈನ್ ಇಲ್ಲದಿದ್ದರೆ ಹೊಸ ರೈಲು ಶುರು ಮಾಡುವುದು ಕಷ್ಟ. ನಮ್ಮ ಕಣ್ಣಿಗೆ ಬೀಳುವುದು ಗಾಜಿನ ಗೋಡೆ, ರೈಲಿಗೆ ಬೇಕಾದದ್ದು ಆ ಗುಂಡಿ.

ಸರಿ, ಕಟ್ಟಿದ್ದಾಯಿತು. 2021ರ ಮಾರ್ಚಿನಲ್ಲೇ ಫಳಫಳ ಹೊಳೆಯುವ ಫೋಟೊಗಳು ಬಂದವು. ಇನ್ನೇನು, ಶುರು ಅಂದುಕೊಂಡೆವು. ಕೋವಿಡ್ ಎರಡನೇ ಅಲೆ ಬಂತು, ಹೋಯಿತು. ಮಳೆಗಾಲ ಮುಗಿಯಿತು. ದಸರಾ, ದೀಪಾವಳಿ, ಸಂಕ್ರಾಂತಿ ಆದವು. ಬಾಗಿಲು ಮಾತ್ರ ತೆಗೆಯಲಿಲ್ಲ. ದೊಡ್ಡವರ ಕೈಯಲ್ಲಿ ಉದ್ಘಾಟನೆ ಮಾಡಿಸಲು ಕಾಯುತ್ತಿದ್ದಾರೆ ಅಂತ ಪತ್ರಿಕೆಗಳು ಮತ್ತೆ ಮತ್ತೆ ಬರೆದವು.

ಆ ದಿನಗಳಲ್ಲಿ ನಾನು ಸಂಜೆ ವಾಕಿಂಗ್‌ಗೆ ಆ ಕಡೆ ಹೋಗುತ್ತಿದ್ದೆ. ಒಮ್ಮೆ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದೆ. ಸಾಲು ಕುರ್ಚಿ. ಒಂದೆರಡರ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಹೊರಗೆ ಕಾವಲಿಗೆ ಕೂತಿದ್ದ ಅಜ್ಜ ಕರೆದು, ‘ಎಲ್ಲಿಗೆ ಹೋಗ್ಬೇಕಿತ್ತು ಸಾರ್?’ ಅಂದ. ಎಲ್ಲಿಗೂ ಇಲ್ಲ, ಸುಮ್ನೆ ನೋಡ್ತಿದ್ದೆ ಅಂದೆ. ‘ನಾನೂ ಅಷ್ಟೇ’ ಅಂತ ನಕ್ಕ.

ಟರ್ಮಿನಲ್‌ಗೆ ಇಟ್ಟ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದ್ದು. ಗಡಿಯಾರ ನೋಡಿ ನಡೆದವರ ಹೆಸರು, ಕಟ್ಟಡ ಮಾತ್ರ ಲೇಟು ಅಂತ ಆಗ ಊರಿಗೆ ಊರೇ ತಮಾಷೆ ಮಾಡಿ ಆಗಿದೆ. ನಾನು ಮತ್ತೆ ಮಾಡುವುದಿಲ್ಲ.

ಕೊನೆಗೆ 2022ರ ಜೂನ್ 6ರ ಸಂಜೆ 7 ಗಂಟೆಗೆ ಮೊದಲ ರೈಲು ಹೊರಟಿತು, ಎರ್ನಾಕುಲಂ ಎಕ್ಸ್‌ಪ್ರೆಸ್. ಅದುವರೆಗೆ ಪಕ್ಕದ ಬಾಣಸವಾಡಿಯಿಂದ ಹೋಗುತ್ತಿದ್ದ ಗಾಡಿಯನ್ನೇ ಇಲ್ಲಿಗೆ ತಂದಿದ್ದರು. ಗದ್ದಲ ಇಲ್ಲ, ವೇದಿಕೆ ಇಲ್ಲ. ಎರಡು ವಾರದ ನಂತರ, ಜೂನ್ 20ರಂದು, ಪ್ರಧಾನಿ ಬಂದು ಲೋಕಾರ್ಪಣೆ ಮಾಡಿದರು. ಅಂದರೆ, ಉದ್ಘಾಟನೆಗೆ ಮೊದಲೇ ರೈಲು ಓಡಿಸಬಹುದಿತ್ತು ಅಂತಾಯ್ತು. ಹಾಗಾದರೆ ಆ 15 ತಿಂಗಳು ಯಾಕೆ ಕಾದೆವು?

ಬಾಗಿಲು ತೆಗೆಯಿತು ಅಂದಮಾತ್ರಕ್ಕೆ ಸ್ಟೇಷನ್ ಶುರುವಾಯಿತು ಅಂತ ನಾನು ಒಪ್ಪುವುದಿಲ್ಲ. ಅದಕ್ಕೆ ನಮ್ಮ ಚಿಕ್ಕಮ್ಮನೇ ಸಾಕ್ಷಿ.

ಚಿಕ್ಕಮ್ಮ ಉಡುಪಿಯವರು. ಮುರ್ಡೇಶ್ವರದ ಗಾಡಿ ಈಗ ಈ ಟರ್ಮಿನಲ್‌ಗೇ ಬರುತ್ತದೆ. ಮೊದಲ ಸಲ ಬಂದಾಗ ನಾನು ಬುದ್ಧಿವಂತನ ಹಾಗೆ, ‘ಬೈಯಪ್ಪನಹಳ್ಳಿಯಲ್ಲಿ ಇಳೀರಿ, ಮೆಟ್ರೋ ಹತ್ರ ಕಾಯ್ತಿರ್ತೀನಿ’ ಅಂದಿದ್ದೆ. ಮೆಟ್ರೋ ಅಲ್ಲಿಗೆ 2011ರಲ್ಲೇ ಬಂದಿದೆ, ಹೆಸರೂ ಒಂದೇ, ಇನ್ನೇನು ಬೇಕು? ಬೇಕಾಗಿದ್ದು ಬೇರೆಯೇ. ಮೆಟ್ರೋ ಪಕ್ಕದಲ್ಲಿರುವುದು ಹಳೆಯ ಬೈಯಪ್ಪನಹಳ್ಳಿ ಸ್ಟೇಷನ್, ಚೆನ್ನೈ ಕಡೆಯ ಹಳಿಯ ಮೇಲೆ. ಹೊಸ ಟರ್ಮಿನಲ್ ಇರುವುದು ಬಾಣಸವಾಡಿ ಕಡೆಯ ಹಳಿಯ ಮೇಲೆ, ಮಾರುತಿ ಸೇವಾನಗರದ ಹತ್ತಿರ. ಸಾಮಾನು ಹೊತ್ತುಕೊಂಡು ನಡೆಯುವ ದೂರ ಅಲ್ಲ. ನಾನು ಇಲ್ಲಿ, ಅವರು ಅಲ್ಲಿ. ಎರಡು ಹಲಸಿನ ಹಣ್ಣು ಅವರ ಜೊತೆಗೆ.

ಫೋನಿನಲ್ಲಿ ಕೇಳಿದರು: ‘ಎಂತ ಮಾರಾಯ, ಇಷ್ಟು ಚಂದ ಕಟ್ಟಿದ್ದಾರೆ. ಬಸ್ ಎಲ್ಲಿ ನಿಲ್ಲುವುದು?’

ನನಗೆ ಗೊತ್ತಿರಲಿಲ್ಲ. ಬಿಎಂಟಿಸಿ ಬಸ್ ಇದೆ, ಆದರೆ ಆ ಹೊತ್ತಿಗೆ ಸಿಗಬೇಕಲ್ಲ. ಆಟೋದವನೊಬ್ಬ ಹಲಸಿನ ಹಣ್ಣಿಗೂ ಸೇರಿಸಿ ರೇಟು ಹೇಳಿದನಂತೆ. ಟಿಕೆಟ್ ದುಡ್ಡಿಗಿಂತ ಅದೇ ಜಾಸ್ತಿ ಅನ್ನುವುದು ಚಿಕ್ಕಮ್ಮನ ದೂರು. ಸ್ವಲ್ಪ ಉಪ್ಪು ಖಾರ ಸೇರಿಸಿದ್ದಾರೆ ಬಿಡಿ. ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಟರ್ಮಿನಲ್ ಮಂಜೂರು ಮಾಡಿದ ದಿನವೇ ಅದಕ್ಕೆ ಹೋಗುವ ರಸ್ತೆ, ನಿಲ್ಲುವ ಬಸ್ಸು, ಮೆಟ್ರೋಗೆ ಒಂದು ದಾರಿ, ಇವನ್ನೂ ಅದೇ ಕಡತದಲ್ಲಿ ಬರೆಯಬೇಕಿತ್ತು. ಹಳಿ ಒಬ್ಬರದ್ದು, ಬಸ್ಸು ಇನ್ನೊಬ್ಬರದ್ದು, ರಸ್ತೆ ಮತ್ತೊಬ್ಬರದ್ದು ಅಂತ ಆದಾಗ ನಡುವೆ ನಿಲ್ಲುವುದು ಸಾಮಾನು ಹೊತ್ತವರು.

ಅದೇ ಜೂನ್ 20ರಂದು ಇನ್ನೊಂದು ಕೆಲಸಕ್ಕೂ ಅಡಿಗಲ್ಲು ಬಿತ್ತು: ಉಪನಗರ ರೈಲು. 148 ಕಿಲೋಮೀಟರ್, 4 ಮಾರ್ಗ, 15,767 ಕೋಟಿ ರೂಪಾಯಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರುಗಳು. 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. 2025ರ ಅಕ್ಟೋಬರಿಗೆ 40 ತಿಂಗಳು ಮುಗಿಯಿತು, ರೈಲು ಬಂದಿರಲಿಲ್ಲ. ಮಲ್ಲಿಗೆ ಮಾರ್ಗ ಹೊರಡುವುದು ಬೈಯಪ್ಪನಹಳ್ಳಿಗೆ ತಗುಲಿಕೊಂಡಿರುವ ಬೆನ್ನಿಗಾನಹಳ್ಳಿಯಿಂದ. ಅದು ಓಡಿದರೆ ಚಿಕ್ಕಬಾಣಾವರದವರೆಗೆ ದಿನಾ ಕೆಲಸಕ್ಕೆ ಹೋಗುವವರಿಗೆ ಎಷ್ಟು ಅನುಕೂಲ! ಅದು ಬರುವಾಗ ಟಿಕೆಟ್ ಕೌಂಟರಿನ ಕಲ್ಲು ಎಂಥದ್ದು ಅನ್ನುವುದಕ್ಕಿಂತ ಮೊದಲು, ಹೊರಗೆ ಬಂದವರು ಯಾವ ಕಡೆ ತಿರುಗಬೇಕು ಅಂತ ಯಾರಾದರೂ ಯೋಚಿಸಿರಲಿ.

ಅಂದಹಾಗೆ, ನಿಮ್ಮ ಟಿಕೆಟ್ಟಿನಲ್ಲಿ ಎಸ್‌ಎಂವಿಬಿ ಅಂತಿದ್ದರೆ ಹೊಸ ಟರ್ಮಿನಲ್, ಬಿವೈಪಿಎಲ್ ಅಂತಿದ್ದರೆ ಹಳೆಯ ಸ್ಟೇಷನ್. ಮನೆಯಿಂದ ಹೊರಡುವ ಮೊದಲು ಒಂದು ಸಲ ನೋಡಿಕೊಳ್ಳಿ.

ಚಿಕ್ಕಮ್ಮ ಮುಂದಿನ ಶನಿವಾರ ಮತ್ತೆ ಬರುತ್ತಿದ್ದಾರೆ. ನಿನ್ನೆ ಫೋನ್ ಮಾಡಿ, ‘ಈ ಸಲ ಒಂದೇ ಹಲಸಿನ ಹಣ್ಣು ತರುತ್ತೇನೆ, ನೀನು ಎಲ್ಲಿ ನಿಂತಿರುತ್ತಿ ಅಂತ ಈಗಲೇ ಸರಿಯಾಗಿ ಹೇಳು’ ಅಂದರು.

ನಮಸ್ಕಾರ.