ಎರಡನೆಯ ಸಲದ ಕಳವು: ಹೊಸ ಕಾನೂನಿನ ಬಿಗಿ ಯಾರ ಮೇಲೆ?

ಕೇಳುಗರಿಗೆ ನಮಸ್ಕಾರ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕಳ್ಳತನದ ಶಿಕ್ಷೆಯಲ್ಲಿ ತಂದಿರುವ ಒಂದು ಬದಲಾವಣೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಹಳೆಯ ದಂಡ ಸಂಹಿತೆಯ 379ನೆಯ ಕಲಮು ಕಳ್ಳತನಕ್ಕೆ ಗರಿಷ್ಠ 3 ವರ್ಷಗಳ ಸೆರೆವಾಸ ಹೇಳಿ ಸುಮ್ಮನಾಗುತ್ತಿತ್ತು. ಮೊದಲ ಸಲ ಕದ್ದವನು, ಐದನೆಯ ಸಲ ಕದ್ದವನು ಎಂಬ ಭೇದ ಅದರಲ್ಲಿರಲಿಲ್ಲ. ಹೊಸ ಸಂಹಿತೆಯ 303ನೆಯ ಕಲಮಿನಲ್ಲಿ, ಅದೇ ಕಲಮಿನಡಿ ಎರಡನೆಯ ಸಲ ಅಪರಾಧ ಸಾಬೀತಾದವನಿಗೆ 1 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗೂ ಹೋಗಬಹುದಾದ ಕಠಿಣ ಸೆರೆವಾಸ ಮತ್ತು ದಂಡ ಕಡ್ಡಾಯವಾಗಿದೆ. ಕದ್ದ ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅದನ್ನು ಹಿಂದಿರುಗಿಸಿದರೆ, ಮೊದಲ ಸಲದವನಿಗೆ ಸಮುದಾಯ ಸೇವೆಯಷ್ಟೇ ಶಿಕ್ಷೆ. ತಿದ್ದಿಕೊಳ್ಳಲು ಒಂದು ಅವಕಾಶ ಕೊಟ್ಟು, ಆಮೇಲೆ ಬಿಗಿ ಮಾಡುವ ಈ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಬಯಲುಸೀಮೆಯ ಹೊಲಗಳಲ್ಲಿ ರಾತ್ರೋರಾತ್ರಿ ಕೊಳವೆಬಾವಿಯ ಕೇಬಲ್ ಕತ್ತರಿಸಿಕೊಂಡು ಹೋಗುವ ಕಳವನ್ನೇ ನೋಡಿ. ಮೇಲಿನ ಕವಚ ಸುಟ್ಟು ಒಳಗಿನ ತಾಮ್ರವನ್ನು ಗುಜರಿಗೆ ಹಾಕಿದವನಿಗೆ ಸಿಗುವುದು ಪುಡಿಗಾಸು; ರೈತ ಹೊಸ ಕೇಬಲ್ ತಂದು, ಎಲೆಕ್ಟ್ರಿಷಿಯನ್ನನ್ನು ಕಾದು, ಮೋಟಾರು ಚಾಲೂ ಮಾಡಿಸುವಷ್ಟರಲ್ಲಿ ಟೊಮೆಟೊ ಗಿಡಗಳು ಬಾಡಿ ತಲೆ ಬಾಗಿರುತ್ತವೆ. ಆತ ಠಾಣೆಗೆ ಹೋದರೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಈಗ ಅಸಂಜ್ಞೇಯ ಅಪರಾಧವಾದ್ದರಿಂದ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮೊದಲ ಕಳವು ನ್ಯಾಯಾಲಯದವರೆಗೆ ತಲುಪದಿದ್ದರೆ ಎರಡನೆಯದು ಎರಡನೆಯದೆಂದು ಲೆಕ್ಕಕ್ಕೆ ಬರುವುದೇ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಕನಿಷ್ಠ 1 ವರ್ಷವೆಂಬ ಕಡ್ಡಾಯವನ್ನು ಸಾಮಾನ್ಯ ಕಳವಿನ ಕಲಮಿನಲ್ಲಿ ಇಟ್ಟಿದ್ದಾರೆ. ನಡೆದುಹೋಗುವ ಹೆಂಗಸಿನ ಕೊರಳಿನಿಂದ ಮಾಂಗಲ್ಯದ ಸರ ಕಿತ್ತುಕೊಂಡು ಬೈಕಿನಲ್ಲಿ ಪರಾರಿಯಾಗುವವನ 304ನೆಯ ಕಲಮಿನಲ್ಲಾಗಲಿ, ಮನೆಯೊಳಗಿನ ಕಳವಿಗೆ 7 ವರ್ಷದವರೆಗೆ ಶಿಕ್ಷೆ ಹೇಳುವ 305ನೆಯ ಕಲಮಿನಲ್ಲಾಗಲಿ ಎರಡನೆಯ ಸಲಕ್ಕೆಂದು ಅಂಥ ಕನಿಷ್ಠ ಮಿತಿಯಿಲ್ಲ. ಗುಂಪು ಕಟ್ಟಿಕೊಂಡು ಕದಿಯುವವರಿಗೆ 112ನೆಯ ಕಲಮು 1ರಿಂದ 7 ವರ್ಷ ವಿಧಿಸುತ್ತದೆ, ನಿಜ. ಹಳೆಯ 75ನೆಯ ಕಲಮಿನ ಜಾಗಕ್ಕೆ ಬಂದ 13ನೆಯ ಕಲಮು, ಇಂಥ ಅಪರಾಧಗಳು ಮರುಕಳಿಸಿದರೆ ಜೀವಾವಧಿಯನ್ನೋ 10 ವರ್ಷದವರೆಗಿನ ಸೆರೆಯನ್ನೋ ವಿಧಿಸಬಹುದೆನ್ನುತ್ತದೆ; ಆದರೆ ಕೆಳಮಿತಿ ಅಲ್ಲಿಯೂ ಇಲ್ಲ. ಹೀಗಾಗಿ ಸಂತೆಯ ಬಯಲಿನಲ್ಲಿ ಎರಡು ಸಲ ತರಕಾರಿ ಚೀಲ ಕದ್ದ ಕೂಲಿಯಾಳಿಗೆ 1 ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡಲು 303ನೆಯ ಕಲಮು ಬಿಡದು. ಎರಡು ಸಲ ಸರ ಕಿತ್ತವನಿಗೆ ಆರೇ ತಿಂಗಳು ಆದರೂ ಆಗಬಹುದು. ಇದು ಸರಿಯಲ್ಲ.

ಹೊಸ ಕಲಮಿನಲ್ಲಿ ಮೆಚ್ಚಬೇಕಾದ ಅಂಶವೂ ಒಂದಿದೆ. ಅದು ಎಣಿಸುವುದು ನ್ಯಾಯಾಲಯದಲ್ಲಿ ಸಾಬೀತಾದ ಅಪರಾಧವನ್ನು, ರೂಢಿಗತ ಅಪರಾಧಿಯೆಂಬ ಶಂಕೆಯ ಮೇಲೆ ಪೊಲೀಸರು ಠಾಣೆಯಲ್ಲಿ ತೆರೆದ ಎಂ.ಓ.ಬಿ. ಹಾಳೆಯನ್ನಲ್ಲ. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿದ 1871ರ ಬ್ರಿಟಿಷ್ ಕಾನೂನು 1952ರಲ್ಲಿ ರದ್ದಾದರೂ, ಊರಿನಲ್ಲಿ ಏನೇ ಕಳುವಾದರೂ ಮೊದಲು ಅಲೆಮಾರಿಗಳ ಗುಡಾರದತ್ತ ಬೆರಳು ತೋರಿಸುವ ಅಭ್ಯಾಸ ಇನ್ನೂ ಹೋಗಿಲ್ಲವಾದ್ದರಿಂದ, ಈ ಗೆರೆಯನ್ನು ಕಟ್ಟುನಿಟ್ಟಾಗಿ ಕಾಯಬೇಕು.

ಸಂಸತ್ತು ಮಾಡಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಸರಗಳ್ಳತನ ಮತ್ತು ಮನೆಗಳವು ಮರುಕಳಿಸಿದಾಗ ಕನಿಷ್ಠ ಶಿಕ್ಷೆ ಇರಲಿ; ಕಡಿಮೆ ಬೆಲೆಯ ಸಾಮಾನ್ಯ ಕಳವು ಮರುಕಳಿಸಿದಾಗ, ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ 1 ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿರಲಿ. ಪೊಲೀಸರು ಮತ್ತು ಸರ್ಕಾರಿ ಅಭಿಯೋಜಕರು ಇದಕ್ಕೆ ಕಾಯಬೇಕಿಲ್ಲ: ಹಿಂದಿನ ತೀರ್ಪಿನ ದೃಢೀಕೃತ ನಕಲನ್ನೂ, ಆ ತೀರ್ಪಿನ ಅಪರಾಧಿ ಈತನೇ ಎಂಬುದಕ್ಕೆ ಸಾಕ್ಷ್ಯವನ್ನೂ ವಿಚಾರಣೆಯ ಹೊತ್ತಿಗೆ ಸಿದ್ಧವಾಗಿಟ್ಟುಕೊಂಡರೆ, ಈಗಿರುವ ಕಾನೂನನ್ನೇ ನಾಳೆಯಿಂದ ಪೂರ್ತಿಯಾಗಿ ಬಳಸಬಹುದು.