ಕೈ ತಾನಾಗಿ ಮುಂದೆ ಬರುತ್ತದೆ

ಕೇಳುಗರೇ, ನಮಸ್ಕಾರ.

"ಕಾಲ ಕೆಟ್ಟೋಯ್ತು, ಯಾರಿಗೂ ಯಾರ ಮೇಲೂ ಕರುಣೆ ಇಲ್ಲ." ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲೂ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ನನಗಿದು ಒಪ್ಪಿಗೆಯಿಲ್ಲ. ಕರುಣೆ ಮನುಷ್ಯರ ಹುಟ್ಟುಗುಣ ಅಂತಲೇ ನಾನು ನಂಬಿದ್ದೇನೆ.

ಸುಮ್ನೆ ಹೇಳುತ್ತಿಲ್ಲ. ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದೂವರೆ ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಪರಿಚಯವಿಲ್ಲದ ಒಬ್ಬಾತ ಬಟ್ಟೆ ಒಣಹಾಕುತ್ತಿರುತ್ತಾನೆ. ಕ್ಲಿಪ್ ಕೈಜಾರಿ ಕೆಳಗೆ ಬೀಳುತ್ತದೆ. ಕೈ ಚಾಚುತ್ತಾನೆ, ಎಟುಕುವುದಿಲ್ಲ. ಮಗು ಅವನ ಮುಖ ನೋಡುತ್ತದೆ, ಕ್ಲಿಪ್ ನೋಡುತ್ತದೆ, ಪುಟುಪುಟು ಹೆಜ್ಜೆ ಹಾಕಿ ಹೋಗಿ ಎತ್ತಿಕೊಡುತ್ತದೆ. ಇಂಥ ಹಲವು ಸಂದರ್ಭಗಳಲ್ಲಿ ಒಮ್ಮೆಯಾದರೂ ನೆರವಾದ ಮಕ್ಕಳು 24ರಲ್ಲಿ 22. ಮಿಠಾಯಿ ಕೊಡುವವರಿಲ್ಲ, "ಜಾಣಮರಿ" ಅನ್ನುವವರೂ ಇಲ್ಲ. ಅದೇ ಮನುಷ್ಯ ಕ್ಲಿಪ್ಪನ್ನು ಬೇಕಂತಲೇ ಕೆಳಗೆ ಎಸೆದಾಗ ಮಕ್ಕಳು ಅಷ್ಟಾಗಿ ಎತ್ತಿಕೊಡಲಿಲ್ಲ. ಯಾರಿಗೆ ನಿಜವಾಗಿ ಕಷ್ಟ ಅನ್ನುವುದು ಆ ವಯಸ್ಸಿಗೇ ತಿಳಿಯುತ್ತದೆ. ನನಗೆ ಇದು ಬಹಳ ದೊಡ್ಡ ಸಂಗತಿ.

ಕ್ಲಿಪ್ ಎತ್ತಿಕೊಟ್ಟರೆ ಅದು ಕರುಣೆಯಾ ಅಂತ ನೀವು ಕೇಳಬಹುದು. ಪೂರ್ತಿ ಅಲ್ಲ, ಮೊಳಕೆ ಮಾತ್ರ. ಆದರೆ ಮೊಳಕೆ ಅಲ್ಲಿದೆ ಅಲ್ವಾ?

ಹಾಗಾದರೆ ದೊಡ್ಡವರು ಯಾಕೆ ನೋಡಿಯೂ ನೋಡದಂತೆ ಹೋಗುತ್ತಾರೆ? ಇದಕ್ಕೆ 1973ರ ಅಮೆರಿಕದ ಒಂದು ಅಧ್ಯಯನ ನೆನಪಾಗುತ್ತದೆ. ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಭಾಷಣಕ್ಕೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಸಮಯ ಇದೆ ಅಂದುಕೊಂಡವರಲ್ಲಿ ನೂರಕ್ಕೆ 63 ಮಂದಿ ನೆರವಾದರು. "ತಡವಾಯ್ತು, ಬೇಗ ಹೋಗಿ" ಅನ್ನಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಅವರ ಎದೆಯಲ್ಲಿ ಕರುಣೆ ಇರಲಿಲ್ಲವೆಂದಲ್ಲ, ಅವಸರ ಅದನ್ನು ತುಳಿದುಬಿಟ್ಟಿತ್ತು.

ನಮ್ಮಲ್ಲಿ ಅವಸರದ ಜೊತೆ ಭಯವೂ ಇದೆ. ಚಿತ್ರದುರ್ಗ, ದಾವಣಗೆರೆ ಎರಡನ್ನೂ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದು ಬೈಕ್ ಬಿದ್ದಿದೆ ಅಂದುಕೊಳ್ಳಿ. ಯಾರೋ ಹೆಗಲ ಮೇಲಿನ ಟವೆಲ್ ತೆಗೆದು ಗಾಯಕ್ಕೆ ಒತ್ತಿ ಹಿಡಿಯುತ್ತಾರೆ. ಆಸ್ಪತ್ರೆಗೆ ಕರೆದೊಯ್ಯುವ ಮಾತು ಬಂದಾಗ ಹಿಂದಿನಿಂದ ಒಂದು ದನಿ ಕೇಳುತ್ತದೆ: "ಬೇಡಪ್ಪಾ, ಆಮೇಲೆ ಸ್ಟೇಷನ್ನು, ಕೋರ್ಟು ಅಂತ ಅಲೆಯೋರು ಯಾರು?" ಟವೆಲ್ ಒತ್ತಿ ಹಿಡಿದ ಕೈ ಸಡಿಲವಾಗುತ್ತದೆ. ಅಲ್ಲಿ ನಿಂತವರನ್ನು ಕಲ್ಲು ಮನಸ್ಸಿನವರು ಅಂತ ಬೈಯಲು ನನಗೆ ಮನಸ್ಸಾಗುವುದಿಲ್ಲ. ಅಲೆದು ಸುಸ್ತಾದವರ ಕಥೆ ಕೇಳಿಯೇ ಅವರು ಹೆದರಿರುವುದು.

ಈ ಭಯ ಕಳೆಯಲೆಂದೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿಸಿದರು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗುವುದು, ಬಿಡುವುದು ನಿಮ್ಮಿಷ್ಟ. ಇದನ್ನು ನಿಮ್ಮ ಊರಿನಲ್ಲಿ, ಅದರಲ್ಲೂ ಹೆದ್ದಾರಿ ಪಕ್ಕದ ಹೋಟೆಲ್, ಪಂಕ್ಚರ್ ಅಂಗಡಿಯವರಿಗೆ, ದಯವಿಟ್ಟು ತಿಳಿಸಿ. ಆಂಬುಲೆನ್ಸ್‌ಗೆ 108.

ನಮಸ್ಕಾರ.