ಪೈಲಟ್ ಲೈಸೆನ್ಸ್ ಕೈಯಲ್ಲಿದೆ ಸರಿ, ಇವತ್ತು ಹಾರಬಹುದಾ?

[ಸ್ಕ್ರೀನ್ ಮೇಲೆ: ಒಂದು ಲೈಸೆನ್ಸ್ ಕಾರ್ಡ್. ಭೂತಗನ್ನಡಿ ಅದರ ಮೇಲೆಲ್ಲ ಓಡಾಡುತ್ತದೆ.]

ನಮಸ್ಕಾರ. ಇದು ಅಮೆರಿಕದ ಪ್ರೈವೇಟ್ ಪೈಲಟ್ ಕಾರ್ಡ್. ಯಾವತ್ತು ಕೊಟ್ಟರು ಅಂತ ಇದರ ಮೇಲಿದೆ. ಯಾವತ್ತು ಮುಗಿಯುತ್ತದೆ ಅಂತ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಇದು ಮುಗಿಯುವುದೇ ಇಲ್ಲ. ಯುರೋಪಿನ ಪಿಪಿಎಲ್, ಅಂದರೆ ಅಲ್ಲಿನ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೂಡ ಹಾಗೇ, ಒಮ್ಮೆ ಕೊಟ್ಟರೆ ಜೀವನಪೂರ್ತಿ. ಮತ್ತೆ ಅಷ್ಟೊಂದು ಜನ "ನನ್ನ ಲೈಸೆನ್ಸ್ ಲ್ಯಾಪ್ಸ್ ಆಗಿಬಿಟ್ಟಿದೆ" ಅಂತ ಯಾಕೆ ಒದ್ದಾಡುತ್ತಾರೆ?

ಕಾರ್ಡ್ ಇದ್ದ ಮಾತ್ರಕ್ಕೆ ಹಾರುವ ಹಕ್ಕು ಇರುವುದಿಲ್ಲ, ಅದಕ್ಕೆ. ರೇಟಿಂಗ್‌ಗೆ, ಅಂದರೆ ಯಾವ ಬಗೆಯ ವಿಮಾನ ಹಾರಿಸಬಹುದು ಅನ್ನುವ ಅನುಮತಿಗೆ ಒಂದು ದಿನಾಂಕ, ಮೆಡಿಕಲ್‌ಗೆ, ಅಂದರೆ ಆರೋಗ್ಯದ ಸರ್ಟಿಫಿಕೇಟ್‌ಗೆ ಇನ್ನೊಂದು, ಜನರನ್ನು ಕೂರಿಸಿಕೊಳ್ಳುವುದಕ್ಕೆ ಮತ್ತೊಂದು. ಕೆಲವು ದೇಶಗಳಲ್ಲಿ ಕಾರ್ಡ್‌ಗೂ ಒಂದು. ಇಷ್ಟೇ ಆಗಿದ್ದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಸುಮ್ನೆ ಇರಬಹುದಿತ್ತು, ಆದರೆ ಈ ದಿನಾಂಕಗಳನ್ನು ಲೆಕ್ಕ ಹಾಕುವ ನಿಯಮಗಳೇ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ, ಮತ್ತು ನೀವು ಪಾಸಾದ ಕಾಲದ ನಿಯಮ ಯಾವುದಿತ್ತು ಅಂತ ಯಾರೂ ಕೇಳುವುದಿಲ್ಲ. ನೀವು ವಿಮಾನ ಹತ್ತುವ ದಿನ ಯಾವ ನಿಯಮ ಇದೆಯೋ ಅದೇ ಲೆಕ್ಕ.

[ಸ್ಕ್ರೀನ್ ಮೇಲೆ: 24 ತಿಂಗಳು]

ಮೊದಲು ಯುರೋಪಿನ ಕಥೆ, ಜಾಸ್ತಿ ಜನ ಎಡವುವುದು ಇಲ್ಲೇ. ಒಂದೇ ಪಿಸ್ಟನ್ ಎಂಜಿನ್ ಇರುವ ವಿಮಾನದ ರೇಟಿಂಗ್ 24 ತಿಂಗಳು ಇರುತ್ತದೆ. ಅದನ್ನು ಮುಂದುವರಿಸಲು ಎರಡು ದಾರಿ. ಕೊನೆಯ 3 ತಿಂಗಳಲ್ಲಿ ಎಕ್ಸಾಮಿನರ್ ಜೊತೆ ಚೆಕ್ ಫ್ಲೈಟ್ ಮಾಡಬಹುದು. ಇಲ್ಲವಾದರೆ ಅನುಭವ ತೋರಿಸಬೇಕು: 12 ಗಂಟೆ ಹಾರಾಟ, ಅದರಲ್ಲಿ 6 ಗಂಟೆ ನೀವೇ ಕ್ಯಾಪ್ಟನ್, 12 ಟೇಕಾಫ್, 12 ಲ್ಯಾಂಡಿಂಗ್, ಜೊತೆಗೆ ಇನ್‌ಸ್ಟ್ರಕ್ಟರ್ ಜೊತೆ ಒಂದು ಗಂಟೆ ತರಬೇತಿ.

ಇದರಲ್ಲೇನು ಕಷ್ಟ ಅನಿಸುತ್ತದೆ ಅಲ್ವಾ? ಕಷ್ಟ ಇರುವುದು ದಿನಾಂಕದಲ್ಲಿ. ಈ ಗಂಟೆಗಳೆಲ್ಲ ಎರಡನೇ ವರ್ಷದಲ್ಲೇ ಆಗಬೇಕು. ನಿಮ್ಮ ರೇಟಿಂಗ್ 2026ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಲೆಕ್ಕಕ್ಕೆ ಬರುವುದು 2025ರ ನವೆಂಬರ್ 1ರಿಂದ ಈಚೆಗೆ ಹಾರಿದ್ದು ಮಾತ್ರ. ಅದಕ್ಕೂ ಮುಂಚೆ, ಹಾರಾಟ ಬರೆದಿಡುವ ಲಾಗ್‌ಬುಕ್ ತುಂಬ ಹಾರಿದ್ದರೂ ಇಲ್ಲಿ ಸೊನ್ನೆ. ಮೊದಲ ವರ್ಷ ಹುರುಪಿನಿಂದ ಹಾರಿ, ಎರಡನೇ ವರ್ಷ ಕೆಲಸ, ಮನೆ, ಮಳೆ ಅಂತ ಸುಮ್ಮನಾಗಿ, ಕೊನೆಗೆ ಸೆಪ್ಟೆಂಬರ್‌ನಲ್ಲಿ ಲಾಗ್‌ಬುಕ್ ತೆಗೆದು ಬೆರಳಲ್ಲಿ ಎಣಿಸುವವರು ಪ್ರತಿ ಕ್ಲಬ್‌ನಲ್ಲೂ ಇರುತ್ತಾರೆ. ಅವರಿಗೆ ಆಗ ಉಳಿಯುವುದು ಚೆಕ್ ಫ್ಲೈಟ್ ಒಂದೇ. ಇನ್ನೊಂದು ವಿಷಯ: ಗಂಟೆ ಪೂರ್ತಿಯಾದರೆ ಸಾಲದು. ಅಧಿಕಾರ ಇರುವವರು ನೋಡಿ, ಲೈಸೆನ್ಸ್ ಮೇಲೆ ಹೊಸ ದಿನಾಂಕ ಬರೆದು ಸಹಿ ಹಾಕಬೇಕು. ಲಾಗ್‌ಬುಕ್‌ನಲ್ಲಿ ಎಲ್ಲ ಸರಿಯಿದೆ, ಸಹಿ ಮಾತ್ರ ಇಲ್ಲ ಅನ್ನುವ ಪರಿಸ್ಥಿತಿ ಬೇಡ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಫ್ಲೈಟ್ ರಿವ್ಯೂ ಅಂತ ಇದೆ. ಕನಿಷ್ಠ ಒಂದು ಗಂಟೆ ನೆಲದ ಮೇಲೆ ಕೂತು ನಿಯಮ ಓದುವುದು, ಒಂದು ಗಂಟೆ ಹಾರುವುದು. 24 ತಿಂಗಳಿಗೊಮ್ಮೆ. ಆದರೆ ಅಲ್ಲಿ ಎಣಿಸುವುದು ಕ್ಯಾಲೆಂಡರ್ ತಿಂಗಳು. ಅಂದರೆ 2025ರ ಮಾರ್ಚ್ 3ಕ್ಕೆ ರಿವ್ಯೂ ಆಗಿದ್ದರೆ 2027ರ ಮಾರ್ಚ್ 31ರ ತನಕ ನಡೆಯುತ್ತದೆ. ಇದರಲ್ಲಿ ಫೇಲ್ ಅನ್ನುವುದಿಲ್ಲ. ತೃಪ್ತಿಯಾಗದಿದ್ದರೆ ಇನ್‌ಸ್ಟ್ರಕ್ಟರ್ ಸಹಿ ಹಾಕುವುದಿಲ್ಲ, ಇನ್ನೊಂದು ದಿನ ಬಾ ಅನ್ನುತ್ತಾರೆ. ನನಗೆ ಕೇಳಿದರೆ ಈ ಪದ್ಧತಿಯೇ ವಾಸಿ, ಪರೀಕ್ಷೆಯ ಭಯ ಇಲ್ಲದಿದ್ದಾಗ ಜನ ತಮ್ಮ ದೌರ್ಬಲ್ಯ ಬಾಯಿಬಿಟ್ಟು ಹೇಳುತ್ತಾರೆ.

90 ದಿನದ ನಿಯಮ ಎರಡೂ ಕಡೆ ಇದೆ, ಬೇಗ ಹೇಳಿಬಿಡುತ್ತೇನೆ. ಕಳೆದ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರದಿದ್ದರೆ ಬೇರೆಯವರನ್ನು ಕೂರಿಸಿಕೊಳ್ಳುವಂತಿಲ್ಲ. ಒಬ್ಬರೇ ಹಾರಬಹುದು. ಹಾಗಾಗಿ ಮನೆಯವರನ್ನು ಕರೆದುಕೊಂಡು ಹೋಗುವ ಮುಂಚೆ ಒಬ್ಬರೇ ಹೋಗಿ ಮೂರು ಸುತ್ತು ಹೊಡೆದು ಬನ್ನಿ, ಮುಗೀತು.

[ಸ್ಕ್ರೀನ್ ಮೇಲೆ: ಮೆಡಿಕಲ್]

ಈಗ ಮೆಡಿಕಲ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಒಂದೇ ವಯಸ್ಸು, ಎರಡು ದೇಶ, ಎರಡು ಉತ್ತರ. 39 ವರ್ಷ 10 ತಿಂಗಳಾದ ಒಬ್ಬರು ಮೆಡಿಕಲ್ ಮಾಡಿಸಿದರು ಅಂದುಕೊಳ್ಳಿ. ಅಮೆರಿಕದ ಮೂರನೇ ದರ್ಜೆಯ ಮೆಡಿಕಲ್‌ಗೆ ಪರೀಕ್ಷೆಯ ದಿನದ ವಯಸ್ಸೇ ಲೆಕ್ಕ. 40 ಆಗಿಲ್ಲ, ಹಾಗಾಗಿ ಪೂರ್ತಿ 60 ತಿಂಗಳು ಸಿಗುತ್ತದೆ. ಯುರೋಪಿನ ಎರಡನೇ ದರ್ಜೆಯ ಮೆಡಿಕಲ್ ಕೂಡ 40ರ ಒಳಗಿನವರಿಗೆ 60 ತಿಂಗಳೇ, ಆದರೆ ಅಲ್ಲಿ ಒಂದು ಕೊಕ್ಕೆ ಇದೆ: 40 ಆಗುವ ಮುಂಚೆ ಕೊಟ್ಟದ್ದು 42 ತುಂಬಿದ ದಿನ ನಿಂತುಹೋಗುತ್ತದೆ. ಅದೇ ವ್ಯಕ್ತಿಗೆ ಸಿಗುವುದು ಎರಡು ವರ್ಷ ಚಿಲ್ಲರೆ ಮಾತ್ರ. ಆಮೇಲೆ 50ರ ತನಕ 24 ತಿಂಗಳು, 50 ದಾಟಿದ ಮೇಲೆ 12 ತಿಂಗಳು. ಒಂದು ಅನುಕೂಲವೂ ಇದೆ, ಮುಗಿಯುವುದಕ್ಕೆ ಮುಂಚಿನ 45 ದಿನದ ಒಳಗೆ ಪರೀಕ್ಷೆ ಮಾಡಿಸಿದರೆ ಹೊಸ ಅವಧಿ ಹಳೆಯ ದಿನಾಂಕದಿಂದಲೇ ಶುರುವಾಗುತ್ತದೆ. ಬೇಗ ಹೋದಿರಿ ಅಂತ ದಿನ ಕಳೆದುಕೊಳ್ಳುವುದಿಲ್ಲ.

ಸರ್ಟಿಫಿಕೇಟ್ ಇದ್ದರೂ ಆ ದಿನ ಮೈ ಸರಿಯಿಲ್ಲದಿದ್ದರೆ ಹಾರುವಂತಿಲ್ಲ. ಇದು ಎರಡೂ ಕಡೆ ಲಿಖಿತ ನಿಯಮ. ನೆಗಡಿ, ಅಲರ್ಜಿ ಅಂತ ಅಂಗಡಿಯಲ್ಲಿ ತಂದು ನುಂಗುವ ಮಾತ್ರೆಯಲ್ಲಿ ಡೈಫೆನ್‌ಹೈಡ್ರಮೈನ್ ಇದ್ದರೆ, ಕೊನೆಯ ಮಾತ್ರೆ ನುಂಗಿ 60 ಗಂಟೆ ಕಾಯಿರಿ ಅನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಎರಡೂವರೆ ದಿನ! ಮಾತ್ರೆ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ.

[ಸ್ಕ್ರೀನ್ ಮೇಲೆ: 2010, 2017, 2021, 2024]

ನಿಯಮ ಬದಲಾದಾಗ ಏನಾಗುತ್ತದೆ? ನಾಲ್ಕು ವರ್ಷಗಳನ್ನು ನೋಡಿ. 2010ರ ಮಾರ್ಚ್ 31ರ ನಂತರ ಅಮೆರಿಕದಲ್ಲಿ ಪೈಲಟ್‌ಗಳ ಹಳೆಯ ಕಾಗದದ ಸರ್ಟಿಫಿಕೇಟ್ ನಡೆಯದೆ ಹೋಯಿತು. ಪ್ಲಾಸ್ಟಿಕ್ ಕಾರ್ಡ್ ತರಿಸಿಕೊಳ್ಳದವರು ಓದಿದ್ದನ್ನೇನೂ ಮರೆತಿರಲಿಲ್ಲ, ಆದರೂ ಹಾರುವಂತಿರಲಿಲ್ಲ. 2017ರ ಮೇನಲ್ಲಿ ಅದೇ ದೇಶ ಮೆಡಿಕಲ್ ಸರ್ಟಿಫಿಕೇಟ್‌ಗೆ ಬದಲಾಗಿ ಬೇಸಿಕ್‌ಮೆಡ್ ಅನ್ನುವ ಪದ್ಧತಿ ತಂದಿತು. ಅರ್ಹತೆ ಇದ್ದವರು ಸಾಮಾನ್ಯ ಡಾಕ್ಟರ ಹತ್ತಿರ 48 ತಿಂಗಳಿಗೊಮ್ಮೆ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಕೋರ್ಸ್ ಮಾಡಿದರೆ ಸಾಕು. ಮೊದಲು 6,000 ಪೌಂಡ್ ತೂಕದ ತನಕದ ವಿಮಾನಕ್ಕೆ ಇದ್ದ ಮಿತಿಯನ್ನು 2024ರಲ್ಲಿ 12,500 ಪೌಂಡ್‌ಗೆ ಏರಿಸಿದರು. ಬದಲಾವಣೆ ಅಂದರೆ ಯಾವಾಗಲೂ ಕುತ್ತಿಗೆಗೆ ಬರುವುದೇ ಅಂದುಕೊಳ್ಳಬೇಡಿ, ಎಷ್ಟೋ ಜನರನ್ನು ಇದು ಮತ್ತೆ ಕಾಕ್‌ಪಿಟ್‌ಗೆ ಕರೆತಂದಿದೆ. ಗೊತ್ತಿಲ್ಲದವರು ಮಾತ್ರ ಹಳೆಯ ನಿಯಮವನ್ನೇ ನಂಬಿಕೊಂಡು ಮನೆಯಲ್ಲಿ ಕೂತಿದ್ದಾರೆ.

ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟದ್ದು, ಇನ್ನೊಂದು ಥರ. 2020ರ ಡಿಸೆಂಬರ್ 31ರ ತನಕ ಬ್ರಿಟನ್ನಿನ ಪೈಲಟ್‌ಗಳ ಲೈಸೆನ್ಸ್ ಯುರೋಪ್ ಒಕ್ಕೂಟದ ಎಲ್ಲ ದೇಶಗಳ ವಿಮಾನಕ್ಕೂ ನಡೆಯುತ್ತಿತ್ತು. ಮಾರನೇ ದಿನದಿಂದ ಇಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಾದ ವಿಮಾನಕ್ಕೆ ಅದೇ ಲೈಸೆನ್ಸ್ ಸರಿ, ಪಕ್ಕದಲ್ಲಿ ನಿಂತಿರುವ ಫ್ರಾನ್ಸ್ ನೋಂದಣಿಯ ವಿಮಾನಕ್ಕೆ ಬೇರೆ ಕಾಗದ ಬೇಕು. ಎರಡೂ ಒಂದೇ ಕಂಪನಿಯ, ಒಂದೇ ಮಾಡೆಲ್ ಆಗಿರಲಿ, ಪರವಾಗಿಲ್ಲ, ಬೇಕು ಅಂದರೆ ಬೇಕು.

ಇದರ ಬೇರು 1944ರ ಶಿಕಾಗೊ ಒಪ್ಪಂದದಲ್ಲಿದೆ. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಪೈಲಟ್‌ಗೆ ಆ ವಿಮಾನ ಎಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಲೈಸೆನ್ಸ್ ಕೊಟ್ಟಿರಬೇಕು, ಇಲ್ಲವೇ ಮಾನ್ಯ ಮಾಡಿರಬೇಕು ಅನ್ನುತ್ತದೆ ಅದರ 32ನೇ ವಿಧಿ. ಹಾಗಾಗಿ ಬಾಡಿಗೆಗೆ ವಿಮಾನ ತೆಗೆದುಕೊಳ್ಳುವಾಗ ಬಾಲದ ಹತ್ತಿರ ಬರೆದಿರುವ ನೋಂದಣಿ ಅಕ್ಷರಗಳನ್ನು ಮೊದಲು ನೋಡಿ. ವಿದೇಶಿ ಲೈಸೆನ್ಸ್ ಆಧಾರದ ಮೇಲೆ ಅಮೆರಿಕದ ಸರ್ಟಿಫಿಕೇಟ್ ಪಡೆದವರಿಗೆ ಇನ್ನೂ ಒಂದು ಎಚ್ಚರಿಕೆ: ಅದರ ಮೇಲೆ ನಿಮ್ಮ ಮೂಲ ಲೈಸೆನ್ಸ್ ನಂಬರ್ ಇರುತ್ತದೆ. ನಿಮ್ಮ ದೇಶ ಹೊಸ ಕಾರ್ಡ್ ಕೊಟ್ಟು ನಂಬರ್ ಬದಲಾಯಿಸಿತು ಅನ್ನಿ, ಅಮೆರಿಕದ್ದನ್ನೂ ಮತ್ತೆ ಮಾಡಿಸಬೇಕು. ಹಾಗೇ ಅಲ್ಲಿ ಮನೆ ಬದಲಾಯಿಸಿದವರು 30 ದಿನದೊಳಗೆ ಹೊಸ ವಿಳಾಸ ತಿಳಿಸದಿದ್ದರೆ, ತಿಳಿಸುವ ತನಕ ಹಾರುವ ಹಕ್ಕಿಲ್ಲ. ಹೌದು, ವಿಳಾಸಕ್ಕೂ!

ಹೊಸ ನಿಯಮ ಬಂದಾಗ ಇಡೀ ದಾಖಲೆ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎರಡು ಕಡೆ ಕಣ್ಣಾಡಿಸಿ. ಜಾರಿಗೆ ಬರುವ ದಿನ ಯಾವುದು, ಮತ್ತು ಈಗಾಗಲೇ ಲೈಸೆನ್ಸ್ ಇರುವವರ ಬಗ್ಗೆ ಏನು ಹೇಳಿದೆ. ಗಡುವು ಇರುವುದು ಸಾಮಾನ್ಯವಾಗಿ ಅಲ್ಲೇ. ಕ್ಲಬ್‌ನಲ್ಲಿ ಯಾರೋ ಹೇಳಿದ್ದನ್ನು ಕೇಳಿಸಿಕೊಳ್ಳಿ, ಆದರೆ ಆಮೇಲೆ ಪ್ರಾಧಿಕಾರದ ಜಾಲತಾಣದಲ್ಲಿ ನೀವೇ ನೋಡಿ.

ಅಷ್ಟಾಗಿಯೂ ಅವಧಿ ಮುಗಿದೇ ಹೋಗಿದ್ದರೆ? ಮೊದಲಿನಿಂದ ಕಲಿಯಬೇಕಾಗಿಲ್ಲ. ಅಮೆರಿಕದಲ್ಲಿ ಹತ್ತು ವರ್ಷ ಬಿಟ್ಟಿದ್ದರೂ ಮೆಡಿಕಲ್ ಅಥವಾ ಬೇಸಿಕ್‌ಮೆಡ್ ಸರಿಮಾಡಿಕೊಂಡು ಫ್ಲೈಟ್ ರಿವ್ಯೂ ಮುಗಿಸಿದರೆ ಸಾಕು, ಎಷ್ಟು ಗಂಟೆ ಬೇಕಾಗುತ್ತದೆ ಅನ್ನುವುದು ನಿಮ್ಮ ಕೈ ಎಷ್ಟು ತುಕ್ಕು ಹಿಡಿದಿದೆ ಅನ್ನುವುದರ ಮೇಲೆ. ಯುರೋಪ್‌ನಲ್ಲಿ ತರಬೇತಿ ಶಾಲೆಯವರು ನಿಮ್ಮನ್ನು ನೋಡಿ ಎಷ್ಟು ತರಬೇತಿ ಬೇಕು ಅಂತ ಹೇಳುತ್ತಾರೆ, ಆಮೇಲೆ ಎಕ್ಸಾಮಿನರ್ ಜೊತೆ ಚೆಕ್ ಫ್ಲೈಟ್. ಯಾವ ದೇಶವಾದರೂ ಡಾಕ್ಟರ ಹತ್ತಿರ ಮೊದಲು ಹೋಗಿ. ತರಬೇತಿಗೆ ದುಡ್ಡು ಸುರಿದ ಮೇಲೆ ಮೆಡಿಕಲ್ ಸಿಗಲಿಲ್ಲ ಅಂದರೆ ಆ ದುಡ್ಡು ಯಾರೂ ವಾಪಸ್ ಕೊಡುವುದಿಲ್ಲ.